ಮರೆತು ನಿರಾಶರಾಗದಿರಿ

ನಮ್ಮ ಅಣ್ಣ ಮಾಲತೇಶ ಅಳುವುದಿಲ್ಲ, ಸಿಟ್ಟಿಗೇಳುವುದಿಲ್ಲ, ನಗುವ ಮಾತಂತೂ ಕೇಳಲೇಬೇಡಿ. ಉಣಕಲ್ಲಿನ ನಮ್ಮ ಓಣಿಯ ಜನ ಇದಕ್ಕೆ ದೊಡ್ಡ ಗುಣ ಅಂತ ಹೆಸರಿಟ್ಟಿದ್ದರು. ಆ ದೊಡ್ಡ ಗುಣದ ಜೊತೆ ದಿನಾ ಕೂತು ರೊಟ್ಟಿ ತಿನ್ನುತ್ತಿದ್ದವಳು ನಾನು. ಒಮ್ಮೆ ಅವನ ಮೇಲಿನ ಸಿಟ್ಟಿಗೆ ಬೇಕಂತಲೇ ಉಪ್ಪಿಲ್ಲದ ಸಾರು ಬಡಿಸಿದೆ. ಸುರಿದುಕೊಂಡು ಉಂಡು, ಕೈ ತೊಳೆದು ಹೋದ. ಜಗಳವಾಡಲಿ ಅಂತ ಇಷ್ಟು ಕಷ್ಟಪಟ್ಟ ತಂಗಿಗೆ ಒಂದು ಬೈಗುಳವೂ ಸಿಗಲಿಲ್ಲ.

ಆಟೋದ ತಲೆಯ ಮೇಲೆ ಮೈಕಿನ ಭೋಂಗಾ ಕಟ್ಟಿಕೊಂಡು ಹುಬ್ಬಳ್ಳಿಯ ತುಂಬ ಸಾರುತ್ತ ತಿರುಗುವುದು ಅವನ ಉದ್ಯೋಗ. ಸೀರೆ ಸೇಲ್, ಸರ್ಕಸ್, ನಾಟಕದ ಕಂಪನಿ, ನಳದಲ್ಲಿ ನೀರು ಬಿಡುವ ದಿನ, ತಪ್ಪಿಸಿಕೊಂಡ ಮಕ್ಕಳು, ತೀರಿಕೊಂಡ ಹಿರಿಯರು. ಎಲ್ಲಕ್ಕೂ ಅವನದು ಒಂದೇ ದನಿ. ಕಣ್ಣು ಮುಚ್ಚಿ ಕೇಳಿದರೆ ಸೀರೆ ಬಂದಿದೆಯೋ, ಸಾವು ಬಂದಿದೆಯೋ ಗೊತ್ತಾಗುತ್ತಿರಲಿಲ್ಲ.

ಈ ವಿದ್ಯೆ ಕಲಿಸಿದವನು ನಮ್ಮಪ್ಪ ಗಂಗಪ್ಪ. ಅವನು ಟಾಂಗಾದಲ್ಲಿ ಬ್ಯಾಟರಿ ಇಟ್ಟುಕೊಂಡು ಸಾರಿದ ಕಾಲದವನು. ಮಗನಿಗೆ ಎರಡು ನೇಮ ಹೇಳಿಕೊಟ್ಟಿದ್ದ. ಮೈಕಿನ ಮುಂದೆ ಕೂತವನಿಗೆ ಮನೆಯಿಲ್ಲ, ಮಠವಿಲ್ಲ, ಹಲ್ಲುನೋವೂ ಇಲ್ಲ. ತನ್ನ ಸುಖದುಃಖವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಕೂಡಬೇಕು. ಇನ್ನೊಂದು, ಏನೇ ಸಾರಿದರೂ ಕೊನೆಗೆ "ಮರೆಯದಿರಿ, ಮರೆತು ನಿರಾಶರಾಗದಿರಿ" ಅನ್ನದೆ ಮೈಕು ಬಂದ್ ಮಾಡಬಾರದು. ಸಾವಿನ ಸುದ್ದಿಗೆ ಮಾತ್ರ ಇದು ಬೇಡ, ಅಲ್ಲಿ "ತಿಳಿಸಲು ವಿಷಾದಿಸುತ್ತೇವೆ" ಅಂದು ಸುಮ್ಮನಾಗಬೇಕು. ಮೊದಲನೆಯ ನೇಮವನ್ನು ಅಣ್ಣ ಎಷ್ಟು ಚೆನ್ನಾಗಿ ಕಲಿತನೆಂದರೆ ಮೈಕು ಇಲ್ಲದಾಗಲೂ ಪಾಲಿಸತೊಡಗಿದ.

ತೊಂಬತ್ತೊಂಬತ್ತರಲ್ಲಿ ಅಪ್ಪ ತೀರಿಕೊಂಡ. ಬೆಳಿಗ್ಗೆ ಚಹಾ ಕೇಳಿದವನು ಚಹಾ ಬರುವಷ್ಟರಲ್ಲಿ ಇರಲಿಲ್ಲ. ಅಣ್ಣ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತ, ಆಮೇಲೆ ಆಟೋ ಹತ್ತಿದ. ಅಪ್ಪನ ಸುದ್ದಿಯನ್ನು ಬೇರೆಯವರ ಬಾಯಲ್ಲಿ ಹೇಳಿಸುವುದಿಲ್ಲ, ತಾನೇ ಸಾರುತ್ತೇನೆ ಅಂದ. ಒಳ್ಳೆಯ ಮಗ ಅಂತ ಹಿರಿಯರೆಲ್ಲ ತಲೆದೂಗಿದರು. ಆ ವಾರವೆಲ್ಲ ಅವನು ದುರ್ಗದಬೈಲಿನ ಸುತ್ತ ಒಂದು ಸೀರೆ ಸೇಲ್ ಸಾರುತ್ತಿದ್ದ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಊರೆಲ್ಲ ತಿರುಗಿ ಆಟೋ ನಮ್ಮ ಓಣಿಗೆ ಬಂದಾಗ ಅಪ್ಪನನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರು ಸುತ್ತ ಕೂತು ಅಪ್ಪನ ಗುಣವನ್ನೆಲ್ಲ ಹಾಡಿ ಅಳುತ್ತಿದ್ದರು. ಇದ್ದ ಗುಣ ಮುಗಿದು, ಇಲ್ಲದ ಗುಣ ಶುರುವಾಗಿದ್ದವು. ಹೊರಗಿನಿಂದ ಅಣ್ಣನ ದನಿ ಕೇಳಿಸಿತು.

"ನಮ್ಮ ಪೂಜ್ಯ ತಂದೆಯವರಾದ ಗಂಗಪ್ಪನವರು ಇಂದು ಬೆಳಿಗ್ಗೆ ನಿಧನರಾಗಿದ್ದಾರೆ. ಅಂತ್ಯಕ್ರಿಯೆ ಮಧ್ಯಾಹ್ನ ಮೂರು ಗಂಟೆಗೆ. ಬಂಧುಬಾಂಧವರು ಕುಟುಂಬ ಸಮೇತ ಆಗಮಿಸಿ. ಈ ಅವಕಾಶ ಇಂದು ಮಾತ್ರ. ಮರೆಯದಿರಿ, ಮರೆತು ನಿರಾಶರಾಗದಿರಿ."

ಹಾಡು ನಿಂತಿತು. ಪಕ್ಕದ ಮನೆಯ ದಾವಲಬಿ ಕಾಕಿ ಮೂಗಿನಲ್ಲಿ ಒಂದು ಸದ್ದು ಮಾಡಿ, ಅದನ್ನು ಕೆಮ್ಮು ಮಾಡಲು ನೋಡಿದಳು, ಆಗಲಿಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತಿ, ಸೆರಗುಗಳೆಲ್ಲ ಬಾಯಿಗೆ ಹೋದವು. ನಮ್ಮವ್ವ ರೇಣವ್ವ ಮುಖದ ತುಂಬ ಸೆರಗು ಎಳೆದುಕೊಂಡಳು. ಅವಳ ಹೆಗಲು ಕುಲುಕುತ್ತಿದ್ದವು. ಪಾಪ, ಗಂಡ ಹೋದ ದುಃಖದ ಮೇಲೆ ಮಗ ಮಾಡಿದ ಮಾನಗೇಡು ಅಂತ ನಾನು ಅವಳ ಬೆನ್ನು ಸವರಿದೆ.

ನಾನು ನಗಲಿಲ್ಲ, ಅಳಲೂ ಇಲ್ಲ. ಬರಬೇಕಾದ ಅಳು ಬಾಗಿಲ ತನಕ ಬಂದು, ಒಳಗಿನ ಗದ್ದಲ ನೋಡಿ ಹೊಳ್ಳಿ ಹೋಯಿತು. ಅದರ ಬದಲು ಸಿಟ್ಟು ಬಂತು. ಇರಲಿ, ಏನಾದರೂ ಬಂತಲ್ಲ ಅಂತ ಅದನ್ನೇ ಇಟ್ಟುಕೊಂಡೆ. ಅಲ್ಲಿಂದ ಮುಂದೆ ನನ್ನ ನಾಲಿಗೆಗೆ ಹತ್ತಿದ ಹುಳಿ ಇನ್ನೂ ಇಳಿದಿಲ್ಲ.

ಊರಿಗೆ ಒಂದು ವರ್ಷಕ್ಕಾಗುವಷ್ಟು ನಗು ಸಿಕ್ಕಿತು. ಅಣ್ಣನಿಗೆ ಹೆಣ್ಣು ನೋಡಲು ಹೋದಲ್ಲೆಲ್ಲ ಅವನು ನಮಸ್ಕಾರ ಅಂದ ಕೂಡಲೇ ಒಳಮನೆಯಲ್ಲಿ ಕಿಸಕ್ ಅನ್ನುತ್ತಿತ್ತು. ದನಿ ಗುರುತು ಹತ್ತುತ್ತಿತ್ತು, ನೋಡಿ. ನನ್ನನ್ನು ನೋಡಲು ಬಂದವರೂ ಅಪ್ಪನ ಸೇಲ್ ಹಚ್ಚಿದವರ ಮನೆ ಇದೇ ಏನು ಅಂತ ಕೇಳಿ, ಉಪ್ಪಿಟ್ಟು ತಿಂದು, ಮತ್ತೆ ಬರಲಿಲ್ಲ. ನಾನು ಹೊಲಿಗೆ ಮಷೀನು ಹಾಕಿಕೊಂಡು ಊರವರ ಜಂಪರು ಹೊಲಿಯುತ್ತ ಕೂತೆ. ಅಣ್ಣ ಆ ಕೊನೆಯ ಮಾತನ್ನು ಬಾಯಿಂದಲೇ ತೆಗೆದುಬಿಟ್ಟ. ಸೀರೆಯ ಸೇಲ್‌ಗೂ ಅನ್ನಲಿಲ್ಲ. ಅದಿಲ್ಲದಿದ್ದರೆ ಅಡ್ವರ್ಟೈಜ್‌ಗೆ ಕಳೆಯಿಲ್ಲ ಅಂತ ಅಂಗಡಿಯವರು ಉಳವಪ್ಪ ಅನ್ನುವ ಇನ್ನೊಬ್ಬನ ಆಟೋ ಹಿಡಿದರು.

ಇದೆಲ್ಲ ಹೋಗಲಿ. ಅವ್ವ ಅವನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಳು ಅಂದರೆ ನಮ್ಮ ಕಡೆ ಸುಮ್ಮನಿರುತ್ತಾರೆ ಅಂತಲ್ಲ. ನಡುವೆ ಒಬ್ಬರನ್ನು ಇಟ್ಟುಕೊಂಡು ಮಾತಾಡುತ್ತಾರೆ. ನಡುವಿನವಳು ನಾನು. ಅಣ್ಣ ಅವಳಿಂದ ಮಾರು ದೂರದಲ್ಲಿ ಕೂತಿದ್ದರೂ ಅವ್ವ ಗೋಡೆಗೆ ಮುಖ ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ನೀರು ಕಾದಿವೆ ಅಂತ ನಿಮ್ಮಣ್ಣನಿಗೆ ಹೇಳು ಅನ್ನುತ್ತಿದ್ದಳು. ಆಮೇಲೆ ಜಳಕ ಮಾಡುತ್ತೇನೆ ಅಂತ ಅವ್ವನಿಗೆ ಹೇಳು ಅಂತ ಅವನು. ಐದು ವರ್ಷ ಹೀಗೆ ಟಪಾಲು ಹೊತ್ತೆ, ಪಗಾರಿಲ್ಲದ ನೌಕರಿ. ಅವ್ವ ಅವನ ಮುಖವನ್ನೇ ನೋಡುತ್ತಿರಲಿಲ್ಲ. ಅವನು ಒಳಗೆ ಬಂದರೆ ಅವಳಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಅಣ್ಣ ಇದರ ಬಗ್ಗೆ ಒಂದೇ ಸಲ ಬಾಯಿ ಬಿಟ್ಟ. "ಅವ್ವ ಒಮ್ಮೆ ನನ್ನ ಹೆಸರು ಹಿಡದು ಕರದ್ರ ಸಾಕಾಗಿತ್ತು, ಜಯಾ. ಬೈಯಾಕಾದ್ರೂ ಕರೀಲಿ." ಇದನ್ನೂ ನಾಳೆ ನಳ ಬರುವುದಿಲ್ಲ ಅನ್ನುವ ದನಿಯಲ್ಲೇ ಹೇಳಿದ. ಹೇಳಿ ಆಟೋ ಒರೆಸಲು ಹೋದ. ನನಗೆ ಎದೆಯಲ್ಲಿ ಚುರ್ ಅಂದಿತು. ಹಾಗಂತ ನಾನೇನು ಅವನಿಗೆ ತೋರಿಸಲಿಲ್ಲ. ಅಪ್ಪನ ಮಗಳೇ ತಾನೆ ನಾನೂ.

ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಭಾಗದ ಕೇಬಲ್ ನಡೆಸುತ್ತಿದ್ದ ಫೈಜಾನ ಎಲ್ಲಿಂದಲೋ ಒಂದು ಚೀಲ ಸೀಡಿ ತಂದ. ಎಲ್ಲಿಂದ ಅಂತ ಕೇಬಲ್‌ನವರನ್ನು ಕೇಳುವ ಪದ್ಧತಿ ಇರಲಿಲ್ಲ. ಒಳಗಿದ್ದದ್ದು ಜಪಾನಿನ ಕಾರ್ಟೂನು. ಅಷ್ಟಗಲ ಕಣ್ಣಿನ, ಚೂಪು ಕೂದಲಿನ ಹುಡುಗರು ಗಾಳಿಯಲ್ಲಿ ಹಾರಾಡಿ ಕತ್ತಿ ಬೀಸುತ್ತಿದ್ದರು. ಮಾತು ಜಪಾನಿಯದು, ಕೆಳಗೆ ಇಂಗ್ಲಿಷಿನ ಅಕ್ಷರ. ಉಣಕಲ್ಲಿನ ಹುಡುಗರಿಗೆ ಎರಡೂ ಒಂದೇ. ಆಗ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ಅವನ ತಂಗಿ ನಿಶಾತ, ಇದನ್ನು ಕನ್ನಡದಲ್ಲಿ ತಾನು ಬರೆದುಕೊಡುತ್ತೇನೆ, ಮಾತಾಡುವವರನ್ನು ನೀನು ಹುಡುಕು ಅಂದಳು. ದನಿ ಅಂದರೆ ಊರಿನಲ್ಲಿ ಇದ್ದದ್ದು ಮಾಲತೇಶನದು. ಕೆಲಸವೂ ಕಡಿಮೆಯಾಗಿತ್ತು, ಒಪ್ಪಿಕೊಂಡ. ಹೆಂಗಸರ ಪಾತ್ರಕ್ಕೆ ನನ್ನನ್ನು ಎಳೆದರು. ತಾಯಿ, ತಂಗಿ, ಮುದುಕಿ, ಮಾತಾಡುವ ಒಂದು ನರಿ, ಎಲ್ಲ ನಾನೇ.

ಅವರ ಅಪ್ಪ ಮಕಬೂಲಸಾಬರ ಮೋಟಾರ್ ರಿಪೇರಿ ಅಂಗಡಿಯ ಅಟ್ಟವೇ ನಮ್ಮ ಸ್ಟುಡಿಯೋ. ಮೊದಲೇ ರೆಕಾರ್ಡ್ ಮಾಡುವ ಸಾಮಾನು ಯಾವುದೂ ಇರಲಿಲ್ಲ. ಸಂಜೆ ಹುಡುಗರ ಸಾಲಿ ಬಿಟ್ಟ ಮೇಲೆ ಸೀಡಿಯ ದನಿ ಬಂದ್ ಮಾಡಿ ಚಿತ್ರ ಹಚ್ಚುವುದು, ಮನೆಮನೆಯ ಟಿವಿಯಲ್ಲಿ ಅದು ಓಡುತ್ತಿರುವಾಗಲೇ ನಾವು ಒಂದೇ ಮೈಕಿಗೆ ತಲೆ ಹತ್ತಿಸಿಕೊಂಡು ಮಾತಾಡುವುದು. ಯಾರ ಸರದಿಯೋ ಅವರ ಬೆನ್ನಿಗೆ ನಿಶಾತ ಬಡಿಯುತ್ತಿದ್ದಳು. ಕತ್ತಿ ತಾಗಿದಾಗ ಫೈಜಾನ ಊಟದ ತಾಟು ಬಾರಿಸುತ್ತಿದ್ದ. ಒಮ್ಮೆ ಕೆಳಗೆ ಮಕಬೂಲಸಾಬರು ಮೋಟಾರ್ ಚಾಲೂ ಮಾಡಿದ್ದು ಭೂಕಂಪವಾಗಿ ಚೆನ್ನಾಗಿ ಹೊಂದಿಕೊಂಡಿತು.

ಕಥೆಯ ನಾಯಕ ಕೈಗೊ. ಅವನ ಕುಲದಲ್ಲಿ ಕತ್ತಿ ಹಿಡಿದವನು ಅಳಬಾರದು. ನುಂಗಿದ ಒಂದೊಂದು ಹನಿ ಕಣ್ಣೀರೂ ಎದೆಯಲ್ಲಿ ಹಿಮವಾಗಿ ಗಡ್ಡೆ ಕಟ್ಟುತ್ತದೆ, ಆ ಹಿಮದಿಂದ ಕತ್ತಿಗೆ ಹರಿತ ಬರುತ್ತದೆ. ತಂದೆ ಸತ್ತಾಗಲೂ ಹುಡುಗ ಕಣ್ಣು ಪಿಳುಕಿಸಲಿಲ್ಲ, ದೊಡ್ಡ ವೀರನಾದ. ಆದರೆ ಹಿಮ ಏರುತ್ತ ಏರುತ್ತ ತೋಳಿಗೆ ಬಂದು, ಕತ್ತಿ ಎತ್ತುವ ಕೈಯೇ ಸೆಟೆದುಕೊಂಡಿತು. ನಿಶಾತ ಇದನ್ನು ಓದಿ ಹೇಳಿದ ದಿನ ನಾನು ಅಣ್ಣನ ಮುಖ ನೋಡಿದೆ. ಅವನು ಕಾಗದದ ಮೇಲೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗುರುತು ಹಾಕುತ್ತಿದ್ದ. ಸಮುದ್ರದಾಚೆ ಕೂತ ಜಪಾನಿನವರಿಗೆ ನಮ್ಮ ಮನೆ ಸುದ್ದಿ ಮುಟ್ಟಿತ್ತು, ಇವನಿಗೆ ಮುಟ್ಟಿರಲಿಲ್ಲ.

ಕೈಗೊನ ಮಾತಿಗೆ ಅಣ್ಣನ ದನಿ ಹೇಳಿ ಮಾಡಿಸಿದಂತೆ ಕೂತಿತು. ಎದೆಯಲ್ಲಿ ಹಿಮ ಇದ್ದವನು ಹಾಗೆಯೇ ಮಾತಾಡಬೇಕಲ್ಲ. ಏನು ಆ್ಯಕ್ಟಿಂಗ್ ಅಂತ ಜನ ಹೊಗಳಿದರು. ಉಣಕಲ್ಲಿನ ಹುಡುಗರು ಮಾಸ್ತರರ ಕೈಯಲ್ಲಿ ಹೊಡೆತ ತಿಂದು ಕೈಗೊನ ಹಾಗೆ ಮುಖ ಕಲ್ಲು ಮಾಡಿ ನಿಲ್ಲತೊಡಗಿದರು. ಅದನ್ನು ಉದ್ಧಟತನ ಅಂತ ತಿಳಿದ ಮಾಸ್ತರರು ಇನ್ನೆರಡು ಹಾಕುತ್ತಿದ್ದರು. ನಮ್ಮವ್ವನೂ ತಪ್ಪದೆ ಟಿವಿ ಮುಂದೆ ಕೂಡುತ್ತಿದ್ದಳು. ಮಗನ ಮುಖ ಬೇಡ, ದನಿ ಮಾತ್ರ ಬೇಕು. ಕೇಳಿದರೆ, ನಾನು ನೋಡುವುದು ನಿನ್ನ ನರಿಯನ್ನು ಅನ್ನುತ್ತಿದ್ದಳು.

ಕೊನೆಯ ಭಾಗ ಬಂತು. ಅದರಲ್ಲಿ ಕೈಗೊ ತಂದೆಯ ಸಮಾಧಿಯ ಮುಂದೆ ಕೂತು ಅಳಬೇಕು. ಅತ್ತರೆ ಹಿಮ ಕರಗುತ್ತದೆ, ಇಲ್ಲದಿದ್ದರೆ ಹುಡುಗ ಸಾಯುತ್ತಾನೆ. ತಾಲೀಮಿನಲ್ಲಿ ಅಣ್ಣ ಅತ್ತ. "ಅಯ್ಯೋ. ತಂದೆಯೇ. ಅಯ್ಯೋ." ಎರಡು ಅಯ್ಯೋಗಳ ನಡುವೆ ಟೈಲ್ಸ್ ಕೂರಿಸಿದಂತೆ ಸಮನಾದ ಜಾಗ ಬಿಟ್ಟಿದ್ದ. ಫೈಜಾನ ಉಳ್ಳಾಗಡ್ಡಿ ಕೊಯ್ದು ಅವನ ಮೂಗಿನ ಹತ್ತಿರ ಹಿಡಿದ. ಫೈಜಾನ ಅತ್ತ, ನಿಶಾತ ಅತ್ತಳು, ಚಹಾ ತಂದ ಮಕಬೂಲಸಾಬರೂ ಕಣ್ಣು ಒರೆಸಿಕೊಂಡರು. ಅಣ್ಣ ಮಾತ್ರ ಉಳ್ಳಾಗಡ್ಡಿಗೆ ಏನು ದರ ಅಂತ ಕೇಳಿದ. ಇವನಿಗೆ ಅಳು ಬರಬೇಕಾದರೆ ಉಳ್ಳಾಗಡ್ಡಿಯ ಲಾರಿಯೇ ಮೈಮೇಲೆ ಮಗುಚಬೇಕು ಅಂತ ನಾನಂದೆ.

ನಿಶಾತಳಿಗೆ ನನ್ನ ಮಾತು ಸೇರಲಿಲ್ಲ. ಮೂಗು ಏರಿಸುತ್ತಲೇ ಅಣ್ಣನ ಕಡೆ ತಿರುಗಿ ಹೇಳಿದಳು: "ಅಣ್ಣಾರ, ಕೈಗೊ ಅಳೂದು ಸೋತಾನ ಅಂತ ಅಲ್ರಿ. ಒಳಗಿನ ದುಃಖ ತನ್ನದ ಐತಿ ಅಂತ ಈಗ ಒಪ್ಪಿಕೊಂಡಾನ, ಅಷ್ಟ." ಅಣ್ಣ ತಿಳಿಯಿತು ಅಂದು, ಕಾಗದದ ಮೇಲೆ ಇನ್ನೊಂದು ಉಸಿರಿನ ಗುರುತು ಹಾಕಿಕೊಂಡ.

ಕೊನೆಯ ಭಾಗ ಅಂತ ಸಂಜೆಯ ಬದಲು ರವಿವಾರ ಬೆಳಿಗ್ಗೆ ಇಟ್ಟಿದ್ದರು, ಊರೆಲ್ಲ ಟಿವಿ ಮುಂದೆ. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಕೈಗೊ ಕತ್ತಿ ಕೆಳಗಿಟ್ಟ, ಸಮಾಧಿಯ ಕಲ್ಲಿನ ಮೇಲೆ ಕೈಯಿಟ್ಟ, ಬಾಯಿ ತೆರೆದ. ನಿಶಾತ ಅಣ್ಣನ ಬೆನ್ನಿಗೆ ಬಡಿದಳು. ದನಿ ಬರಲಿಲ್ಲ. ಮತ್ತೆ ಬಡಿದಳು. ಕೈಗೊನ ಬಾಯಿ ಸುಮ್ಮನೆ ತೆರೆದು ಮುಚ್ಚುತ್ತಿತ್ತು. ಫೈಜಾನ ವಾಯರು ಹಿಡಿದು ನೋಡಿದ. ಇವನ ಪಾಲಿನ ಅಳುವನ್ನೂ ನಾನೇ ಅಳಬೇಕೇನೋ, ಮೊದಲೇ ನಾಲ್ಕು ಪಾತ್ರ ಅಂತ ನಾನು ಗೊಣಗಿಕೊಂಡು ಮೈಕಿನ ಹತ್ತಿರ ಬಾಗಿದೆ. ಆಗ ಕಂಡಿತು, ಅಣ್ಣ ಕಾಗದವನ್ನು ಮಗುಚಿಟ್ಟಿದ್ದ.

"ಅಪ್ಪಾ," ಅಂದ. ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಅವತ್ತ ಬಾಯಿ ತಪ್ಪಿ ಅಂದ್ನಿ. ನೀ ಕಲಿಸಿದ್ದು ಅದೊಂದ ನನ್ನ ಬಾಯಾಗಿತ್ತು, ಬ್ಯಾರೆ ಏನೂ ಬರ್ಲಿಲ್ಲಪ್ಪಾ. ಚಹಾ ಬರೂತನಕರ ಇರಬೇಕಿತ್ತಲ್ಲೋ ನೀ."

ಅಲ್ಲಿಗೆ ಮಾತು ಮುಗಿದು ಅಳು ಶುರುವಾಯಿತು. ನಡುವೆ ಸಮನಾದ ಜಾಗ ಇರಲಿಲ್ಲ. ಪರದೆಯ ಮೇಲಿನ ಕೈಗೊ ಶಿಸ್ತಿನ ಹುಡುಗ, ಅರ್ಧ ನಿಮಿಷದಲ್ಲಿ ಅತ್ತು, ಹಿಮ ಕರಗಿಸಿಕೊಂಡು, ಮುಖ ಒರೆಸಿ ಎದ್ದ. ಮುಂದಿನ ದೃಶ್ಯದಲ್ಲಿ ಗೆಳೆಯರ ನಡುವೆ ಕೂತು ಅನ್ನದ ಉಂಡೆ ತಿನ್ನುತ್ತ ಹಲ್ಲು ಕಿಸಿದ. ದನಿ ಮಾತ್ರ ಹೋ ಅಂತ ಅಳುತ್ತಲೇ ಇತ್ತು. ಉಣಕಲ್ಲಿನ ಮನೆಮನೆಯಲ್ಲಿ ಆವತ್ತು ಒಬ್ಬ ವೀರ ಗಲ್ಲ ಉಬ್ಬಿಸಿಕೊಂಡು ಅನ್ನ ತಿನ್ನುತ್ತ, ನಗುತ್ತ, ಎದೆ ಒಡೆಯುವ ಹಾಗೆ ಗೋಳಾಡಿದ. ಫೈಜಾನ ಮೈಕು ಬಂದ್ ಮಾಡಲು ಕೈ ಚಾಚಿದ. ನಿಶಾತ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನನ್ನ ಬೆನ್ನಿಗೆ ಒಂದು ಏಟು ಬಿತ್ತು. ಕೈಗೊನ ತಂಗಿಯ ಸರದಿ. ಅಣ್ಣಾ, ಇನ್ನು ಎಲ್ಲವೂ ಸರಿಹೋಯಿತು, ನಗು ಅಂತ ಬರೆದಿತ್ತು. ಏನು ಸರಿಹೋಗಿತ್ತು? ನಾನು ಅದನ್ನು ಬಿಟ್ಟು ಬಾಯಿಗೆ ಬಂದದ್ದನ್ನು ಅಂದೆ. "ಅಳೋ ಅಣ್ಣಾ. ಯಾರಿಗೇನ್ ಅವಸರಿಲ್ಲ." ಅಂದು ಮೂಗು ಏರಿಸಿದೆ. ಅದು ನೆಗಡಿ ಅಂತಲೇ ನಾನು ಇವತ್ತಿಗೂ ಹೇಳುವುದು.

ಚಿತ್ರ ಮುಗಿದು ಜಪಾನಿ ಹೆಸರುಗಳು ಓಡತೊಡಗಿದವು. ಅಣ್ಣ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು ಮೈಕನ್ನು ಎರಡೂ ಕೈಯಲ್ಲಿ ಹಿಡಿದ. ಇಲ್ಲಿಗೆ ಕಥೆ ಮುಗಿಯಿತು ಅಂದ. ಆಮೇಲೆ ಐದು ವರ್ಷ ಅನ್ನದ ಮಾತನ್ನು, ಬಿಕ್ಕುತ್ತ ಬಿಕ್ಕುತ್ತ, ಪೂರ್ತಿಯಾಗಿ ಅಂದ. ಮರೆಯದಿರಿ. ಮರೆತು ನಿರಾಶರಾಗದಿರಿ.

ಮನೆಗೆ ನಡೆದು ಬರುವಾಗ ಓಣಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ನಗಲಿಲ್ಲ. ದಾವಲಬಿ ಕಾಕಿ ಒಂದು ತಂಬಿಗೆ ನೀರು ತಂದು ಅಣ್ಣನ ಕೈಗಿಟ್ಟಳು. ಅವನು ಮುಖ ತೊಳೆದುಕೊಂಡು, ತಂಬಿಗೆ ವಾಪಸು ಕೊಟ್ಟ. ನನಗೆ ಮಾತ್ರ ಹೆದರಿಕೆ. ಊರಿಗೆಲ್ಲ ಕೇಳಿಸುವಂತೆ ಆ ದಿನವನ್ನೇ ಕೆದಕಿದ್ದಾನೆ, ಅವ್ವ ಇನ್ನು ನನ್ನ ಮುಖಾಂತರವೂ ಮಾತಾಡಲಿಕ್ಕಿಲ್ಲ.

ಅವ್ವ ಬಂದ್ ಆದ ಟಿವಿಯ ಮುಂದೆ ಕೂತಿದ್ದಳು. ಬಾಯಲ್ಲಿ ಸೆರಗು, ಕುಲುಕುವ ಹೆಗಲು, ಥೇಟ್ ಆವತ್ತಿನ ಹಾಗೆ. ಅಣ್ಣ ಹೊಸ್ತಿಲ ಹೊರಗೇ ನಿಂತ. ನಾನು ರೂಢಿಯಂತೆ ನನ್ನ ನೌಕರಿ ಶುರು ಮಾಡಿದೆ: ಅವ್ವಾ, ಅಣ್ಣ ಬಂದಾನ. ಅವಳು ಕೈ ಎತ್ತಿ ನನ್ನನ್ನು ತಡೆದಳು.

"ಮಾಲತೇಶ," ಅಂದಳು. "ಒಳಗ ಬಾ."

ಅಣ್ಣ ಅಲುಗಲಿಲ್ಲ. ಕೇಳಿದ್ದು ಖರೆಯೋ ಅಲ್ಲವೋ ಅನ್ನುವಂತೆ ನನ್ನನ್ನು ನೋಡಿದ. ಅವ್ವ ಸೆರಗು ತೆಗೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ಮಾತ್ರ ಬೇರೆ ಏನನ್ನೋ ಮಾಡುತ್ತಿದ್ದವು.

"ಅವತ್ತ ನಾ ಅತ್ತಿದ್ದಿಲ್ಲೋ, ನಕ್ಕಿದ್ದೆ. ನಿಮ್ಮಪ್ಪನ ಹೆಣದ ಮುಂದ ಕುಂತು, ಸೆರಗಿನ್ಯಾಗ ಮಾರಿ ಇಟ್ಟು ನಕ್ಕಿದ್ದೆ. ಆಮ್ಯಾಲೆ ನಿನ್ನ ಮಾರಿ ನೋಡಿದಾಗೊಮ್ಮೆ ಅದ ಮಾತು ನೆನಪಾಗಿ ನಗು ಒತ್ತಿ ಬರ್ತಿತ್ತು. ಗಂಡನ್ನ ಕಳಕೊಂಡಾಕಿ ನಗಬಾರದಲ್ಲಪ್ಪಾ. ಅದಕ್ಕ ನಿನ್ನ ಮಾರಿ ನೋಡೂದ ಬಿಟ್ಟೆ."

ಐದು ವರ್ಷ. ಗೋಡೆಗೆ ಮುಖ, ಹಿತ್ತಲ ಕೆಲಸ, ಬಾಯಿಗೆ ಸೆರಗು. ಅದನ್ನೆಲ್ಲ ಸಿಟ್ಟು ಅಂತ ಓದಿ, ಇಬ್ಬರ ನಡುವೆ ಗಂಭೀರವಾಗಿ ಟಪಾಲು ಹಂಚಿದ ಶಾಣ್ಯಾಕಿ ನಾನು.

"ನಿಮ್ಮಪ್ಪ ಇದ್ದಿದ್ರ ಎಲ್ಲಾರಕಿಂತ ಮೊದ್ಲ ಅವ್ರ ನಗತಿದ್ರು," ಅಂದಳು ಅವ್ವ. "ಈ ಅವಕಾಶ ಇಂದು ಮಾತ್ರ ಅಂತ." ಅಷ್ಟು ಅನ್ನುವಷ್ಟರಲ್ಲಿ ಅವಳ ಕೈ ಮೀರಿತು. ಗಂಡ ಸತ್ತ ಐದು ವರ್ಷಕ್ಕೆ, ಹೊಟ್ಟೆ ಹಿಡಿದುಕೊಂಡು, ಅಳುತ್ತ ನಕ್ಕಳು. ಅಣ್ಣ ಹೊಸ್ತಿಲು ದಾಟಿ ಬಂದು ಅವಳ ಪಕ್ಕ ಕುಸಿದ. ವಾರಗಟ್ಟಲೆ ನೀರಿಲ್ಲದ ನಳ ಮೊದಲು ಗಾಳಿ ಉಗುಳುವ ಹಾಗೆ ಅವನ ಗಂಟಲಿನಿಂದ ಏನೇನೋ ಸದ್ದು ಬಂದವು. ಅದು ನಗು ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಅವನ ಗದ್ದ ಹಿಡಿದು, ಆ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಎಷ್ಟು ಬಡವಾಗೀಯೋ ಅಂದಳು.

ಅಪ್ಪ ಕೂತಿದ್ದ ಗೋಡೆ ಅಲ್ಲೇ ಇತ್ತು. ಅದರತ್ತ ನನ್ನ ಕಣ್ಣು ಹೋಯಿತು. ಚಹಾ ತಂದವಳು ನಾನು. ಹಾಲು ಉಕ್ಕಲಿ ಅಂತ ಕಾದು, ಬಟ್ಟಲಿಗೆ ಸೋಸಿ ತಂದಿದ್ದೆ. ಅದು ನೆನಪಾದದ್ದೇ ತಡ, ಬಾಗಿಲಿಂದ ಹೊಳ್ಳಿ ಹೋಗಿದ್ದ ಅಳು ವಿಳಾಸ ಹುಡುಕಿಕೊಂಡು ಬಂತು. ಇವರ ಮುಂದೆ ಅಳುವವಳೇ ನಾನು? ಅಡುಗೆಮನೆಗೆ ನಡೆದೆ. ಈಳಿಗೆ ಎಳೆದುಕೊಂಡು, ಬುಟ್ಟಿ ಮುಂದಿಟ್ಟುಕೊಂಡು ಕೂತೆ. ಯಾರಾದರೂ ಬಂದರೆ ಹೇಳಲು ಉಳ್ಳಾಗಡ್ಡಿ ಇತ್ತು. ಕಣ್ಣು, ಮೂಗು ಎಲ್ಲ ಸುರಿಯತೊಡಗಿದವು.

ಪಡಸಾಲೆಯಲ್ಲಿ ನಗು ನಿಂತಿತು. ಇಬ್ಬರೂ ಎದ್ದು ಬಂದು ಇಣುಕಿದ ಸಪ್ಪಳ. ಏನಾಯಿತು ಅಂತ ಯಾರೂ ಕೇಳುವ ಮೊದಲೇ ನಾನು, ಉಳ್ಳಾಗಡ್ಡಿ ಭಾಳ ಖಾರ ಅವ ಅಂತ ಹೇಳಿಟ್ಟೆ. ಅವ್ವ ಬುಟ್ಟಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು.

"ಮಾಲತೇಶ, ನಿಮ್ಮ ತಂಗಿಗೆ ಹೇಳು, ಆಕಿ ಇನ್ನೂ ಒಂದ ಉಳ್ಳಾಗಡ್ಡೀನೂ ಹೆಚ್ಚಿಲ್ಲ ಅಂತ."

ಅಣ್ಣ ನನಗೆ ಹೇಳಿದ. ಒಂದಕ್ಷರ ಬಿಡದೆ, ಅದೇ ತನ್ನ ಹಳೆಯ ದನಿಯಲ್ಲಿ, ಮಾರು ದೂರ ನಿಂತು ಹೇಳಿದ.

"ಗೊತ್ತೈತಿ ಅಂತ ಹೇಳು," ಅಂದೆ ನಾನು.